ಕಣ್ಣು ಮುಚ್ಚಿ ಸಮುದ್ರವನ್ನು ನೆನೆದರೆ ದೇಹಕ್ಕೆ ಏನಾದರೂ ಆಗುತ್ತದೆಯೇ?

ಪ್ರಶ್ನೆ: ನನಗೆ 54 ವರ್ಷ. ನಾಲ್ಕು ವರ್ಷಗಳಿಂದ ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮನೆ, ಕಚೇರಿ ಎರಡೂ ಕಡೆಯ ಒತ್ತಡದಿಂದ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ. ಮಗಳು ನನ್ನ ಮೊಬೈಲ್‌ಗೆ ‘ಗೈಡೆಡ್ ಇಮೇಜರಿ’ ಎಂಬ ಧ್ಯಾನದ ಆಡಿಯೊ ಹಾಕಿಕೊಟ್ಟಿದ್ದಾಳೆ. ‘ನೀವು ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದೀರಿ’ ಎಂದು ಒಂದು ದನಿ ಹೇಳುತ್ತಾ ಹೋಗುತ್ತದೆ. ಇದ್ದಲ್ಲೇ ಕುಳಿತು ಸಮುದ್ರವನ್ನು ನೆನೆಸಿಕೊಂಡರೆ ದೇಹಕ್ಕೆ ನಿಜವಾಗಿ ಏನಾದರೂ ಆಗುತ್ತದೆಯೇ ಅಥವಾ ಇದು ಬರೀ ಮನಸ್ಸಿನ ಸಮಾಧಾನವೇ?

ಉತ್ತರ: ಆಗುತ್ತದೆ. ಎಷ್ಟು ಆಗುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ಶಾಲೆಯ ಗೇಟಿನ ಹೊರಗೆ ಗೋಣಿಚೀಲ ಹಾಸಿಕೊಂಡು ಮಾವಿನಕಾಯಿ ಮಾರುತ್ತಿದ್ದ ಅಜ್ಜಿಯನ್ನು ನೆನಪಿಸಿಕೊಳ್ಳಿ. ಅವರು ಕಾಯಿಯನ್ನು ಸೀಳಿ, ಹೋಳುಗಳ ಮೇಲೆ ಉಪ್ಪು-ಖಾರದ ಪುಡಿ ಉದುರಿಸಿ, ಹರಿದ ನೋಟ್‌ಬುಕ್ಕಿನ ಹಾಳೆಯಲ್ಲಿಟ್ಟು ಕೈಗೆ ಕೊಟ್ಟಿದ್ದಾರೆ. ಮೊದಲ ಹೋಳನ್ನು ಹಲ್ಲಿನ ನಡುವೆ ಇಟ್ಟಿದ್ದೀರಿ. ಇಷ್ಟು ಓದುವಷ್ಟರಲ್ಲಿ ದವಡೆಯ ಮೂಲೆ ಜುಮ್ಮೆಂದು ಬಾಯಲ್ಲಿ ನೀರೂರಿರಬೇಕು. ಮಾವಿನಕಾಯಿ ಎಲ್ಲಿಯೂ ಇಲ್ಲ. ಬಾಯಲ್ಲಿನ ನೀರು ಮಾತ್ರ ನಿಜ. ‘ಈಗ ಜೊಲ್ಲು ಸುರಿಸು’ ಎಂದು ಬಾಯಲ್ಲಿನ ಜೊಲ್ಲಿನ ಗ್ರಂಥಿಗೆ ಎಷ್ಟು ಸಲ ಅಪ್ಪಣೆ ಕೊಟ್ಟರೂ ಅದು ಕೇಳುವುದಿಲ್ಲ. ಚಿತ್ರ ತೋರಿಸಿದರೆ ಕೇಳುತ್ತದೆ. ಹೃದಯದ ಬಡಿತ, ರಕ್ತನಾಳಗಳ ಬಿಗಿತ, ಕರುಳಿನ ಚಲನೆ ಇವೂ ಅದೇ ಜಾತಿಗೆ ಸೇರಿದವು. ಇವುಗಳನ್ನು ನಡೆಸುವ ಸ್ವಾಯತ್ತ ನರವ್ಯೂಹಕ್ಕೆ ‘ಶಾಂತವಾಗು’ ಎಂದರೆ ಹತ್ತುವುದಿಲ್ಲ. ರುಚಿ, ವಾಸನೆ, ನೋಟ, ಸ್ಪರ್ಶಗಳ ಭಾಷೆ ಹತ್ತುತ್ತದೆ.

ಇದರ ಇನ್ನೊಂದು ಮುಖ ನಿಮಗೆ ಚೆನ್ನಾಗಿ ಗೊತ್ತಿರಲೇಬೇಕು. ಎಂಟು ಗಂಟೆಗೆ ಬರಬೇಕಿದ್ದ ಮಗಳು ಒಂಬತ್ತೂವರೆಯಾದರೂ ಬಂದಿಲ್ಲ. ಮೊಬೈಲ್ ಸ್ವಿಚ್ ಆಫ್ ಆಗಿದೆ. ಕಣ್ಣ ಮುಂದೆ ಒಂದು ರಸ್ತೆ ಬರುತ್ತದೆ, ಮಗುಚಿ ಬಿದ್ದ ಸ್ಕೂಟರ್ ಬರುತ್ತದೆ, ಸುತ್ತ ನಿಂತ ಜನರ ಕಾಲುಗಳು ಬರುತ್ತವೆ. ಎದೆ ಡವಗುಟ್ಟುತ್ತದೆ, ಅಂಗೈ ತಣ್ಣಗಾಗುತ್ತದೆ, ಹೊಟ್ಟೆ ಕಲಕಿದಂತಾಗುತ್ತದೆ. ಹತ್ತು ನಿಮಿಷಕ್ಕೆ ‘ಚಾರ್ಜ್ ಮುಗಿದುಹೋಗಿತ್ತು’ ಎನ್ನುತ್ತಾ ಅವಳು ಬಾಗಿಲು ತೆಗೆದು ಒಳಗೆ ಬರುತ್ತಾಳೆ. ಅಪಘಾತ ಆಗಿರಲಿಲ್ಲ. ಆದರೆ ರಕ್ತಕ್ಕೆ ಅಡ್ರಿನಲಿನ್ ಸುರಿದದ್ದು, ರಕ್ತದೊತ್ತಡ ಏರಿದ್ದು ಆಗಿಹೋಗಿದೆ. ಚಿಂತೆ ಎನ್ನುವುದು ನಾವೆಲ್ಲ ದಿನವೂ ತಪ್ಪದೆ ಮಾಡುವ ಕಲ್ಪನಾ ಧ್ಯಾನ. ಅಲ್ಲಿ ದಾರಿ ತೋರಿಸುತ್ತಿರುವುದು ಭಯ, ಅಷ್ಟೇ. ಗೈಡೆಡ್ ಇಮೇಜರಿ ಅದೇ ದಾರಿಯಲ್ಲಿ ದೇಹವನ್ನು ಹಿಂದಕ್ಕೆ ಕರೆತರುತ್ತದೆ. ಹಾಗೆ ಹಿಂದಿರುಗಿದಾಗ ಉಸಿರು ನಿಧಾನವಾಗುತ್ತದೆ, ನಾಡಿ ಇಳಿಯುತ್ತದೆ, ಸ್ನಾಯುಗಳು ಸಡಿಲಗೊಳ್ಳುತ್ತವೆ. ಹಾರ್ವರ್ಡ್‌ನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲಿ ಈ ಸ್ಥಿತಿಗೆ ‘ವಿಶ್ರಾಂತಿ ಪ್ರತಿಕ್ರಿಯೆ’ ಎಂಬ ಅರ್ಥದ ಹೆಸರಿಟ್ಟರು.

ಕಲ್ಪನೆ ಭಾವನೆಗಳನ್ನಷ್ಟೇ ಮುಟ್ಟುತ್ತದೆ ಎನ್ನುವವರಿಗೆ ನಾನು ಯಾವಾಗಲೂ ಕಿರುಬೆರಳಿನ ಪ್ರಯೋಗವನ್ನು ಹೇಳುತ್ತೇನೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಗುವಾಂಗ್ ಯೂ ಮತ್ತು ಕೆಲ್ಲಿ ಕೋಲ್ 1992ರಲ್ಲಿ ಪ್ರಕಟಿಸಿದ ಅಧ್ಯಯನವದು. ಒಂದು ಗುಂಪು ನಾಲ್ಕು ವಾರ ಕಿರುಬೆರಳಿಗೆ ವ್ಯಾಯಾಮ ಮಾಡಿತು. ಇನ್ನೊಂದು ಗುಂಪು ಬೆರಳನ್ನು ಅಲ್ಲಾಡಿಸದೆ, ವ್ಯಾಯಾಮ ಮಾಡುತ್ತಿರುವಂತೆ ಕಲ್ಪಿಸಿಕೊಂಡಿತು. ಮೊದಲ ಗುಂಪಿನವರ ಬೆರಳಿನ ಬಲ ಸುಮಾರು ಶೇ 30ರಷ್ಟು ಹೆಚ್ಚಿತು. ಕಲ್ಪಿಸಿಕೊಂಡವರದು ಶೇ 22ರಷ್ಟು. ಸ್ನಾಯು ದಪ್ಪವಾದದ್ದರಿಂದ ಬಂದ ಬಲವಲ್ಲ ಇದು. ಮಿದುಳು ಸ್ನಾಯುವಿಗೆ ಕಳಿಸುವ ಸಂಕೇತ ಹರಿತವಾಗಿತ್ತು.

ಆಡಿಯೊ ಹೊಸದಿರಬಹುದು, ವಿದ್ಯೆ ನಮಗೆ ಹೊಸದಲ್ಲ. ಮನೆಯ ಹಿರಿಯರು ಮಾಡುತ್ತಿದ್ದ ಮಾನಸ ಪೂಜೆ ಇನ್ನೇನು? ಇಲ್ಲದ ಗಂಧವನ್ನು ತೇಯ್ದು, ಇಲ್ಲದ ಪಾರಿಜಾತವನ್ನು ಒಂದೊಂದಾಗಿ ಏರಿಸಿ, ಎದ್ದಾಗ ಅವರ ಮುಖದಲ್ಲಿ ಕಾಣುತ್ತಿದ್ದ ತಿಳಿ ನಿಜವಾದದ್ದು. ತಮಿಳುನಾಡಿನ ಶಿವಭಕ್ತರಾದ ಅರವತ್ತುಮೂವರು ಪುರಾತನರಲ್ಲಿ ಒಬ್ಬರಾದ ತಿರುನಿನ್ರವೂರಿನ ಪೂಸಲಾರರ ಕಥೆಯೂ ಇದೇ. ಕೈಯಲ್ಲಿ ಕಾಸಿಲ್ಲದ ಅವರು ಶಿವನಿಗೆ ಮನಸ್ಸಿನೊಳಗೇ ಗುಡಿ ಕಟ್ಟಿದರು. ಕಂಚಿಯ ಅರಸ ಕಟ್ಟಿಸಿದ ಕಲ್ಲಿನ ಗುಡಿಯ ಪ್ರತಿಷ್ಠೆಗೂ ಇವರ ಗುಡಿಯ ಪ್ರತಿಷ್ಠೆಗೂ ಒಂದೇ ದಿನ ಬಂದಾಗ, ಶಿವ ಅರಸನ ಕನಸಿನಲ್ಲಿ ಬಂದು ‘ಅಂದು ನಾನು ಪೂಸಲಾರರ ಗುಡಿಗೆ ಹೋಗಬೇಕು, ನೀನು ಇನ್ನೊಂದು ದಿನ ಇಟ್ಟುಕೋ’ ಎಂದನಂತೆ. ಭಕ್ತಿಯ ಮಾತು ಹಾಗಿರಲಿ, ಅವರ ಕ್ರಮವನ್ನು ಗಮನಿಸಿ. ಗುಡಿ ಒಂದೇ ಸಲಕ್ಕೆ ಎದ್ದು ನಿಲ್ಲಲಿಲ್ಲ. ಸಾಮಗ್ರಿ ಕೂಡಿಹಾಕಿ, ಮುಹೂರ್ತ ನೋಡಿ, ತಳಪಾಯ ತೋಡಿ, ದಿನದಿನವೂ ಒಂದಿಷ್ಟು ಕಟ್ಟಿದರು. ಕಲ್ಪನಾ ಧ್ಯಾನದ ಗುಟ್ಟು ಈ ಸಾವಧಾನದಲ್ಲಿದೆ. ಇಂದು ಯೋಗ ತರಗತಿಗಳ ಕೊನೆಯಲ್ಲಿ ಮಾಡಿಸುವ ಯೋಗನಿದ್ರೆಯಲ್ಲೂ, ಬಿಹಾರದ ಮುಂಗೇರ್‌ನ ಸ್ವಾಮಿ ಸತ್ಯಾನಂದ ಸರಸ್ವತಿಯವರು ರೂಪಿಸಿದ ಕ್ರಮದಂತೆ, ಚಿತ್ರಗಳನ್ನು ಮನಸ್ಸಿಗೆ ತಂದುಕೊಳ್ಳುವ ಒಂದು ಹಂತವಿದೆ.

ನನಗೆ ಇದರ ಮೇಲೆ ನಂಬಿಕೆ ಬಂದದ್ದು ಎಂಆರ್‌ಐ ಯಂತ್ರದೊಳಗೆ. ಬೆನ್ನುನೋವಿಗೆಂದು ಹೋಗಿದ್ದೆ. ಮೊದಲ ಸಲ ಆ ಕೊಳವೆಯೊಳಗೆ ಎರಡು ನಿಮಿಷವೂ ಇರಲಾರದೆ ಕೈಯಲ್ಲಿ ಕೊಟ್ಟಿದ್ದ ರಬ್ಬರ್ ಉಂಡೆಯನ್ನು ಅದುಮಿ ಹೊರಗೆ ಬಂದುಬಿಟ್ಟೆ. ಮೈಯೆಲ್ಲ ಬೆವರು. ಮತ್ತೆ ಒಳಗೆ ಹೋಗುವ ಮುನ್ನ ಕಣ್ಣು ಮುಚ್ಚಿಕೊಂಡೆ, ಹೊರಗೆ ಬರುವವರೆಗೆ ತೆರೆಯಲಿಲ್ಲ. ಯಂತ್ರ ಬಡಿಯತೊಡಗಿದಾಗ ಆ ಸದ್ದನ್ನು ಅಜ್ಜಿಯ ಮನೆಯ ಹಿತ್ತಿಲಿಗೆ ಕರೆದುಕೊಂಡು ಹೋದೆ. ಅಜ್ಜಿ ಮತ್ತು ಪಕ್ಕದ ಮನೆಯವರು ಎದುರುಬದುರು ನಿಂತು ಅವಲಕ್ಕಿ ಕುಟ್ಟುತ್ತಿದ್ದಾರೆ. ಒಂದೇ ಒರಳು, ಎರಡು ಒನಕೆ, ಒಂದು ಏಳುವಾಗ ಇನ್ನೊಂದು ಬೀಳುತ್ತದೆ. ಹುರಿದ ಭತ್ತದ ವಾಸನೆ. ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ತೌಡಿನ ಧೂಳು ತೇಲುತ್ತಿದೆ. ಅಂಗೈಯಲ್ಲಿ ಒಂದು ಹಿಡಿ ಅವಲಕ್ಕಿ, ಇನ್ನೂ ಬಿಸಿ. ‘ಆಯಿತು, ಏಳಿ’ ಎಂದು ಟೆಕ್ನೀಷಿಯನ್ ಹೇಳಿದಾಗ ಇಪ್ಪತ್ತು ನಿಮಿಷ ಕಳೆದಿತ್ತು. ಸದ್ದು ಕಡಿಮೆಯಾಗಿರಲಿಲ್ಲ, ಕೊಳವೆ ಅಗಲವಾಗಿರಲಿಲ್ಲ.

ಹಾಗಾಗಿ ನಿಮ್ಮ ಆಡಿಯೊದ ಸಮುದ್ರದ ಬಗ್ಗೆ ನನ್ನದೊಂದು ತಕರಾರಿದೆ. ಇಂಥ ಧ್ವನಿಮುದ್ರಣಗಳಲ್ಲಿ ಎಲ್ಲರನ್ನೂ ಸಮುದ್ರಕ್ಕೇ ಕರೆದೊಯ್ಯುತ್ತಾರೆ. ಕಾರವಾರದಲ್ಲಿ ಬೆಳೆದವರಿಗೆ ಅದು ತವರು. ನೀರೆಂದರೆ ಹೆದರುವವರಿಗೆ, ನೀರಿನಲ್ಲಿ ತಮ್ಮವರನ್ನು ಕಳೆದುಕೊಂಡವರಿಗೆ ಅದೇ ಸಂಕಟ. ನಿಮ್ಮ ದೇಹಕ್ಕೆ ಪರಿಚಯವಿರುವ ಜಾಗವನ್ನು ನೀವೇ ಆರಿಸಿಕೊಳ್ಳಿ. ಮಳೆ ಬೀಳುವಾಗಿನ ಜಗಲಿಯಾಗಲಿ, ಹೊಲದ ಬದುವಿನ ಬೇವಿನ ನೆರಳಾಗಲಿ, ಯಾವುದೋ ದೇವಸ್ಥಾನದ ತಣ್ಣನೆಯ ಕಲ್ಲುಕಂಬವಾಗಲಿ ನಡೆಯುತ್ತದೆ. ಬೆನ್ನಿಗೆ ಒರಗು ಕೊಟ್ಟು ಕುಳಿತು ಅಥವಾ ಮಲಗಿ, ಮೊದಲು ಎರಡು ಮೂರು ನಿಮಿಷ ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ದವಡೆ ಮತ್ತು ಭುಜಗಳನ್ನು ಸಡಿಲಿಸಿ. ಆಮೇಲೆ ಆ ಜಾಗಕ್ಕೆ ಅವಸರವಿಲ್ಲದೆ ಹೋಗಿ. ಕಾಲಿನ ಕೆಳಗೆ ಏನಿದೆ, ಗಾಳಿ ಯಾವ ಕೆನ್ನೆಗೆ ತಾಗುತ್ತಿದೆ, ದೂರದಲ್ಲಿ ಯಾವ ಸದ್ದಿದೆ ಎಂದು ಒಂದೊಂದನ್ನೇ ವಿಚಾರಿಸಿಕೊಳ್ಳಿ. ನಡುವೆ ನಾಳೆಯ ಮೀಟಿಂಗ್ ನೆನಪಾಗುತ್ತದೆ. ಆಗಲಿ. ಮತ್ತೆ ಕಾಲಿನ ಕೆಳಗಿನ ನೆಲಕ್ಕೆ ಬನ್ನಿ. ದಿನಕ್ಕೆ ಹದಿನೈದು ನಿಮಿಷ ಸಾಕು, ದಿನ ತಪ್ಪಿಸಬಾರದು. ವಾಹನ ಓಡಿಸುವಾಗ ಈ ಆಡಿಯೊವನ್ನು ಖಂಡಿತ ಕೇಳಬೇಡಿ.

‘ಕಣ್ಣು ಮುಚ್ಚಿದರೆ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ’ ಎನ್ನುವವರೂ ಇದ್ದಾರೆ. ಅವರಲ್ಲಿ ದೋಷವೇನಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲ. ಬ್ರಿಟನ್ನಿನ ನರತಜ್ಞ ಆ್ಯಡಂ ಝೀಮನ್ 2015ರಲ್ಲಿ ಇದನ್ನು ‘ಅಫ್ಯಾಂಟೇಸಿಯಾ’ ಎಂದು ಕರೆದರು. ಅಂಥವರು ಸದ್ದು, ವಾಸನೆ, ಸ್ಪರ್ಶಗಳನ್ನು ಹಿಡಿದು ಪ್ರಯತ್ನಿಸಬಹುದು.

ದೇಹದ ಯಾವ ತೊಂದರೆಗೆ ಇದು ನೆರವಾಗುತ್ತದೆ? ನೋವು, ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕ, ನಿದ್ದೆ, ಒತ್ತಡಕ್ಕೆ ಕೆರಳುವ ಹೊಟ್ಟೆ ಇವುಗಳಲ್ಲಿ ಹೆಚ್ಚಿನ ಭರವಸೆಯಿದೆ. ನನಗೆ ಅತ್ಯಂತ ಪ್ರಿಯವಾದದ್ದು ಮಕ್ಕಳ ಹೊಟ್ಟೆನೋವಿನ ಅಧ್ಯಯನ. ಪರೀಕ್ಷೆಗಳಲ್ಲಿ ಕಾರಣ ಸಿಗದೆ ಪದೇಪದೇ ಹೊಟ್ಟೆನೋವು ಎನ್ನುತ್ತಿದ್ದ 6ರಿಂದ 15 ವರ್ಷದ 34 ಮಕ್ಕಳನ್ನು ಅಮೆರಿಕದ ಸಂಶೋಧಕರು ಆರಿಸಿಕೊಂಡರು. ಕೆಲವರಿಗೆ ಮಾಮೂಲು ಚಿಕಿತ್ಸೆಯೊಂದಿಗೆ, ಮನೆಯಲ್ಲಿ ಕೇಳಲು ಧ್ವನಿಮುದ್ರಣವನ್ನೂ ಕೊಟ್ಟರು. ಹೊಳೆಯುವ ವಸ್ತುವೊಂದು ಅಂಗೈಯಲ್ಲಿ ಕರಗುತ್ತದೆ, ಆ ಕೈಯನ್ನು ಹೊಟ್ಟೆಯ ಮೇಲಿಟ್ಟರೆ ಬಿಸುಪು ಮತ್ತು ಬೆಳಕು ಒಳಗೆಲ್ಲ ಹರಡುತ್ತದೆ ಎಂದು ಮಗು ಕಲ್ಪಿಸಿಕೊಳ್ಳಬೇಕು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ತಿಂಗಳ ನಂತರ ಇದನ್ನು ಕೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ನೋವು ಗಣನೀಯವಾಗಿ ಇಳಿದಿತ್ತು. ಮಾಮೂಲು ಚಿಕಿತ್ಸೆ ಮಾತ್ರ ಪಡೆದವರಲ್ಲಿ ಅದು ಕಾಲುಭಾಗದ ಆಸುಪಾಸಿನಲ್ಲಿತ್ತು. 34 ಮಕ್ಕಳೆಂದರೆ ಚಿಕ್ಕ ಸಂಖ್ಯೆ, ಒಪ್ಪುತ್ತೇನೆ. ಆದರೆ ಹೊಟ್ಟೆಯ ಮೇಲೆ ಕೈಯಿಡುವ ಈ ಚಿಕಿತ್ಸೆಯನ್ನು ನಮ್ಮ ಅಮ್ಮಂದಿರು ಯಾರನ್ನೂ ಕೇಳದೆ ಮಾಡುತ್ತಾ ಬಂದಿದ್ದಾರೆ.

ಇನ್ನು, ಎಲ್ಲಿಗೆ ನಿಲ್ಲುತ್ತದೆ ಎಂಬ ಮಾತು. 1970ರ ದಶಕದಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯ ಕಾರ್ಲ್ ಸೈಮಂಟನ್, ಬಿಳಿ ರಕ್ತಕಣಗಳು ಕ್ಯಾನ್ಸರ್ ಕೋಶಗಳ ಮೇಲೆ ದಾಳಿ ಮಾಡುವುದನ್ನು ರೋಗಿಗಳು ಕಲ್ಪಿಸಿಕೊಳ್ಳುವ ವಿಧಾನವನ್ನು ಪ್ರಚಾರಕ್ಕೆ ತಂದರು. ಅದರಿಂದ ಗೆಡ್ಡೆ ಕರಗುತ್ತದೆ, ಆಯುಸ್ಸು ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಕೀಮೋಥೆರಪಿಯ ಆತಂಕ, ವಾಕರಿಕೆಗಳನ್ನು ತಾಳಿಕೊಳ್ಳಲು ಕಲ್ಪನೆ ನೆರವಾಗಬಲ್ಲದು. ಅದಕ್ಕಿಂತ ಮುಂದೆ ಹೋಗಿ ಯಾರಾದರೂ ‘ಮನಸ್ಸಿಟ್ಟು ಮಾಡಿದರೆ ಕ್ಯಾನ್ಸರ್ ಗುಣವಾಗುತ್ತದೆ’ ಎಂದರೆ ನನಗೆ ಸಿಟ್ಟು ಬರುತ್ತದೆ. ರೋಗ ಉಲ್ಬಣಿಸಿದಾಗ ‘ನಾನೇ ಸರಿಯಾಗಿ ಧ್ಯಾನ ಮಾಡಲಿಲ್ಲ’ ಎಂಬ ತಪ್ಪಿನ ಭಾರವನ್ನೂ ಆ ಮಾತು ರೋಗಿಯ ತಲೆಯ ಮೇಲೆ ಹೊರಿಸುತ್ತದೆ. ಹಳೆಯ ಆಘಾತದ ನೆನಪುಗಳು ನುಗ್ಗಿಬರುವವರು, ಇಲ್ಲದ ದನಿಗಳನ್ನು ಕೇಳುವ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಇದನ್ನು ಒಬ್ಬರೇ ಆರಂಭಿಸಬಾರದು.

ನಿಮ್ಮ ಬಿಪಿಯ ವಿಷಯಕ್ಕೆ ಬಂದರೆ, ಧ್ಯಾನ ಮುಗಿದ ಕೂಡಲೇ ಅಳತೆ ಒಂದಿಷ್ಟು ಇಳಿದು ಕಾಣಬಹುದು. ಅದನ್ನು ನೋಡಿ ಮಾತ್ರೆ ನಿಲ್ಲಿಸಬೇಡಿ, ಅರ್ಧ ಮಾಡಬೇಡಿ. ಪ್ರಮಾಣ ಬದಲಿಸುವುದು ವೈದ್ಯರ ಕೆಲಸ. ನೀವು ಮಾಡಬಹುದಾದದ್ದು ಬೇರೆ ಇದೆ. ನಿಮ್ಮ ಜಾಗ ಯಾವುದೆಂದು ಮಗಳಿಗೆ ಹೇಳಿ. ಅಲ್ಲಿನ ನೆಲ, ಗಾಳಿ, ಸದ್ದು, ವಾಸನೆಗಳನ್ನೆಲ್ಲ ಅವಳು ತನ್ನದೇ ದನಿಯಲ್ಲಿ, ನಿಮ್ಮ ಮನೆಯ ಕನ್ನಡದಲ್ಲಿ, ನಡುನಡುವೆ ಸುಮ್ಮನಿದ್ದು ನಿಧಾನವಾಗಿ ಓದಿ ಮೊಬೈಲಿನಲ್ಲಿ ಮುದ್ರಿಸಲಿ. ಇಂದು ರಾತ್ರಿ ದೀಪ ಆರಿಸಿದ ಮೇಲೆ ಅದನ್ನು ಕೇಳಿ.