ಬೂದಿಮಣ್ಣು ಬಿಗಿಹಿಡಿದ ರಂಜಕ

ಒಂದೇ ಚೀಲದ ಮಣ್ಣನ್ನು ಮೂರು ಪಾಲು ಮಾಡಿ, ಮೂರು ವಿಧಾನದಲ್ಲಿ ರಂಜಕದ ಪರೀಕ್ಷೆ ಮಾಡಿಸಿ ನೋಡಿ. ಮೂರು ಬೇರೆ ಬೇರೆ ಸಂಖ್ಯೆ ಬರುತ್ತವೆ. ಲ್ಯಾಬಿನವರು ತಪ್ಪು ಮಾಡಿದ್ದಾರೆ ಅಂತಲ್ಲ. ಜ್ವಾಲಾಮುಖಿಯ ಬೂದಿಯಿಂದ ಆದ ಮಣ್ಣಾದರೆ ಯಾವುದನ್ನು ನಂಬಬೇಕು ಅನ್ನೋದೇ ತಲೆನೋವು.

ಜಪಾನಿನಲ್ಲಿ ಇಂಥ ಮಣ್ಣಿಗೆ ಕುರೊಬೊಕು ಅನ್ನುತ್ತಾರೆ. ಕಪ್ಪು, ಹಗುರ, ಹಿಡಿದರೆ ಪುಡಿಪುಡಿ. ನೋಡಿದವರಿಗೆ ಇದಕ್ಕಿಂತ ಒಳ್ಳೆ ಮಣ್ಣಿಲ್ಲ ಅನ್ನಿಸಬೇಕು. ಒಳಗೆ ರಂಜಕ ಬೇಕಾದಷ್ಟು ಇದ್ದರೂ ಗಿಡ ಮಾತ್ರ ಸೊರಗುತ್ತದೆ.

ಇದರ ಹಿಂದಿರೋದು ಅಲೋಫೇನ್ ಅನ್ನೋ ಖನಿಜ. ಗಾಜಿನಂಥ ಬೂದಿ ಮಳೆನೀರಿಗೆ ಕರಗುತ್ತಾ ಹೋದಾಗ ಅಲ್ಯೂಮಿನಿಯಂ ಮತ್ತು ಸಿಲಿಕಾ ಸೇರಿ ಟೊಳ್ಳು ಗುಂಡುಗಳಾಗುತ್ತವೆ. ಒಂದೊಂದರ ಅಡ್ಡಳತೆ ಸುಮಾರು 5 ನ್ಯಾನೋಮೀಟರ್. ಇಷ್ಟು ಸಣ್ಣವಾದ್ದರಿಂದ ಒಂದು ಗ್ರಾಂ ಅಲೋಫೇನಿನ ಮೈ ನೂರಾರು ಚದರ ಮೀಟರ್ ಆಗುತ್ತದೆ. ಆ ಮೈಮೇಲಿನ ಅಲ್ಯೂಮಿನಿಯಂ, ಫಾಸ್ಫೇಟನ್ನು (ಮಣ್ಣಿನಲ್ಲಿ ರಂಜಕ ಇರುವ ರೂಪ) ಕಚ್ಚಿಕೊಂಡರೆ ಸುಲಭಕ್ಕೆ ಬಿಡೋದಿಲ್ಲ. ಹೊಸದಾಗಿ ಹಾಕಿದ ಗೊಬ್ಬರದ ಗತಿಯೂ ಅದೇ.

ಈ ಕಚ್ಚುವ ಅಲ್ಯೂಮಿನಿಯಂ ಇದೆಯಾ ಅಂತ ಹೊಲದಲ್ಲೇ ನೋಡಬಹುದು. ಕ್ಷಾರ ತಗುಲಿದರೆ ಕೆಂಪಾಗುವ ಫಿನಾಲ್ಫ್ಥಲೀನ್ ಹಚ್ಚಿ ಒಣಗಿಸಿದ ಸೋಸುಕಾಗದದ ಮೇಲೆ ಚಿಟಿಕೆ ಮಣ್ಣಿಟ್ಟು ಸೋಡಿಯಂ ಫ್ಲೋರೈಡ್ ದ್ರಾವಣದ ಒಂದೆರಡು ಹನಿ ಬಿಡಬೇಕು. (ಫ್ಲೋರೈಡ್ ವಿಷ, ಬರಿಗೈ ಬೇಡ.) ಸ್ವಲ್ಪ ಹೊತ್ತಿಗೇ ಮಣ್ಣಿನ ಸುತ್ತ ಬಿಳಿ ಕಾಗದ ಕೆಂಪೇರುತ್ತದೆ. ಫ್ಲೋರೈಡ್ ಹೋಗಿ ಅಲ್ಯೂಮಿನಿಯಮ್ಮಿಗೆ ಅಂಟಿಕೊಂಡಾಗ ಅಲ್ಲಿದ್ದ ಹೈಡ್ರಾಕ್ಸೈಡ್ ಹೊರಬಿದ್ದು ಕ್ಷಾರ ಹೆಚ್ಚಾಗುವುದೇ ಈ ಬಣ್ಣಕ್ಕೆ ಕಾರಣ. ಸುಣ್ಣ ಇರುವ ಮಣ್ಣೂ ಹೀಗೇ ಕೆಂಪಾಗುತ್ತದೆ, ಅದಕ್ಕೆ ಮೋಸ ಹೋಗಬಾರದು.

ಇನ್ನು ಗಿಡಕ್ಕೆ ಸಿಗುವ ರಂಜಕ ಎಷ್ಟು? ಲ್ಯಾಬಿನಲ್ಲಿ ಬೇರು ಇರೋದಿಲ್ಲವಲ್ಲ. ಬೇರಿನ ಬದಲು ಯಾವುದೋ ದ್ರಾವಣ ಹಾಕಿ ಕುಲುಕಿ, ಬಿಟ್ಟುಬಂದ ರಂಜಕವನ್ನು ನೀಲಿ ಬಣ್ಣ ಬರಿಸಿ ಅಳೆಯುತ್ತಾರೆ. 1945ರ ಬ್ರೇ ವಿಧಾನದಲ್ಲೂ 1984ರ ಮೆಹ್ಲಿಕ್-3ರಲ್ಲೂ ಆಮ್ಲದ ಜತೆ ಫ್ಲೋರೈಡ್ ಇದೆ. ಕಾಗದ ಕೆಂಪಾಗಿಸಿದ ಅದೇ ಫ್ಲೋರೈಡ್! ಅದು ಅಲ್ಯೂಮಿನಿಯಮ್ಮಿನ ಹಿಡಿತದಿಂದ ಬೇರಿಗೆ ಎಟುಕದ ರಂಜಕವನ್ನೂ ಕಿತ್ತು ತರಬಹುದು. ಇಲ್ಲವೇ ಅಲೋಫೇನ್ ಜಾಸ್ತಿಯಿದ್ದರೆ ಕೆಲಸ ಮುಗಿಯುವ ಮುಂಚೆ ದ್ರಾವಣದ ಶಕ್ತಿಯೇ ಉಡುಗಿಹೋಗಬಹುದು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ.

1954ರ ಓಲ್ಸನ್ ವಿಧಾನ ಮೆದು. ಅದರಲ್ಲಿರೋದು ಅಡುಗೆ ಸೋಡಾನೇ, ಸೋಡಿಯಂ ಬೈಕಾರ್ಬೊನೇಟ್, ಪಿಎಚ್ 8.5ಕ್ಕೆ ತಂದದ್ದು. ಅರ್ಧ ಗಂಟೆ ಕುಲುಕಿದರೆ ಸಡಿಲವಾಗಿ ಅಂಟಿದ್ದಷ್ಟು ಬಿಟ್ಟುಕೊಳ್ಳುತ್ತದೆ. ಸುಣ್ಣದ ಮಣ್ಣಿಗೆಂದು ಹುಟ್ಟಿದ ವಿಧಾನ ನ್ಯೂಜಿಲೆಂಡಿನ ಬೂದಿಮಣ್ಣಿನಲ್ಲಿ ನೆಲೆ ನಿಂತದ್ದು ನನಗೆ ಈಗಲೂ ತಮಾಷೆ ಅನ್ನಿಸುತ್ತದೆ.

ಓಲ್ಸನ್ ಸಂಖ್ಯೆಯೊಂದೇ ಸಾಲದು. ಮಣ್ಣಿನ ಹಸಿವು ಎಷ್ಟು ಅಂತಲೂ ಗೊತ್ತಾಗಬೇಕು. ಅದಕ್ಕೆ 5 ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ಫಾಸ್ಫೇಟ್ ದ್ರಾವಣ ಕುಡಿಸುತ್ತಾರೆ. ಅದರಲ್ಲಿ 25 ಮಿಲಿಗ್ರಾಂ ರಂಜಕ ಇರುತ್ತದೆ. ಇಡೀ ದಿನ ಕುಲುಕಿ ಎಷ್ಟು ಉಳಿದಿದೆ ನೋಡುತ್ತಾರೆ. 85% ಅಥವಾ ಅದಕ್ಕಿಂತ ಜಾಸ್ತಿ ಮಾಯವಾಗಿದ್ದರೆ ಅದು ಬೂದಿಮಣ್ಣಿನ ಗುಣದ ಒಂದು ಗುರುತು. ಇಂಥಲ್ಲಿ ಗೊಬ್ಬರವನ್ನು ಹೊಲದ ತುಂಬ ಎರಚುವ ಬದಲು ಬೀಜದ ಸಾಲಿನ ಪಕ್ಕ ಗೆರೆಯಾಗಿ ಕೊಡುವುದು ಮೇಲು. ಮಣ್ಣಿಗೆ ತಾಗುವ ಮೈ ಕಡಿಮೆಯಾದಷ್ಟೂ ಕಚ್ಚಿಕೊಳ್ಳುವುದು ಕಡಿಮೆ.

ವರದಿ ಓದುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಬೂದಿಮಣ್ಣು ಹಗುರ ಅಂದೆನಲ್ಲ, ಒಂದು ಮಿಲಿಲೀಟರ್ ಮಣ್ಣು 0.6 ಗ್ರಾಂ ಮಾತ್ರ ತೂಗಿದರೆ, ಗ್ರಾಂ ಲೆಕ್ಕದಲ್ಲಿ 30 ಅಂತ ಬಂದ ಸಂಖ್ಯೆ, ಮಿಲಿಲೀಟರ್ ಲೆಕ್ಕದಲ್ಲಿ 18 ಆಗಿಬಿಡುತ್ತದೆ. ನ್ಯೂಜಿಲೆಂಡಿನ ಲ್ಯಾಬುಗಳು ಮಣ್ಣನ್ನು ತೂಗದೆ ಅಳತೆ ಚಮಚದಲ್ಲಿ ತೆಗೆದುಕೊಳ್ಳುವುದುಂಟು. ಬೇರು ಹರಡೋದು ಜಾಗದಲ್ಲಿ, ತೂಕದಲ್ಲಿ ಅಲ್ಲ, ಅಲ್ವಾ?