ಮಗು ಮಲಗಿದೆ, ಸದ್ದು ಮೆಲ್ಲಗೆ ಬರಲಿ

ಎಮ್‌ಆರ್‌ಐ ಮಾಡಿಸಿಕೊಂಡವರಿಗೆ ಆ ಗಲಾಟೆ ಗೊತ್ತೇ ಇರುತ್ತದೆ. ಟಕಟಕ, ಡರ್‍ರ್ ಅಂತ 100 ಡೆಸಿಬಲ್ ದಾಟುವ ಸದ್ದು. ಜೊತೆಗೆ 'ಅಲ್ಲಾಡಬೇಡಿ' ಅನ್ನುವ ತಾಕೀತು. ನಾವು ಹೇಗೋ ಹಲ್ಲು ಕಚ್ಚಿಕೊಂಡು ಮಲಗಿರುತ್ತೇವೆ. ಹತ್ತು ದಿನದ ಕೂಸಿಗೆ ಯಾರು ಹೇಳುವುದು?

ಮದ್ದು ಕೊಟ್ಟು ಮಲಗಿಸಬಹುದು, ನಿಜ. ಆದರೆ ಚೆನ್ನಾಗಿರುವ ಮಗುವಿಗೆ ಬರೀ ಸಂಶೋಧನೆಗೋಸ್ಕರ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ಮಿದುಳನ್ನು ಸ್ಕ್ಯಾನ್ ಮಾಡಿದ 'ಡೆವಲಪಿಂಗ್ ಹ್ಯೂಮನ್ ಕನೆಕ್ಟೋಮ್' ತಂಡ ಬಾಣಂತಿ ಕೋಣೆಯ ಉಪಾಯವನ್ನೇ ಹಿಡಿಯಿತು. ಹಾಲು ಕುಡಿಸು, ಬಟ್ಟೆ ಸುತ್ತು, ನಿದ್ದೆ ಬರುವ ತನಕ ಕಾಯಿ.

ಉಳಿದದ್ದೆಲ್ಲ ಆ ನಿದ್ದೆ ಕೆಡದಂತೆ ಕಾಯುವ ಕೆಲಸ. ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಬಳಸುವ ಮೆತ್ತನೆಯ ಪುಟ್ಟಿಯನ್ನು ಕಿವಿಗೆ ತುಂಬಿದರು. ಅದರ ಮೇಲೆ ಪುಟಾಣಿ ಇಯರ್‌ಮಫ್. ಮಗುವನ್ನು ಹೊರಗೇ ಒಂದು ಚಿಪ್ಪಿನಲ್ಲಿ ಮಲಗಿಸಿ, ಚಿಪ್ಪಿನ ಸಮೇತ ಯಂತ್ರದೊಳಗೆ ಇಟ್ಟರು. ನನಗೆ ತುಂಬ ಇಷ್ಟವಾದದ್ದು ಇನ್ನೊಂದು. ಮಗು ಬೆಚ್ಚಿಬೀಳುವುದು ಸದ್ದು ಜೋರಾಗಿದೆ ಅಂತ ಮಾತ್ರವಲ್ಲ, ದಿಢೀರನೆ ಬಂತು ಅಂತಲೂ. ಹಾಗಾಗಿ ಪ್ರತಿ ಸ್ಕ್ಯಾನಿನ ಶುರುವಿಗೂ 5 ಸೆಕೆಂಡು ಸದ್ದು ಮೆಲ್ಲಮೆಲ್ಲಗೆ ಏರುವಂತೆ ಮಾಡಿದರು. ಅಷ್ಟೇ!

ಹೆಲ್ಮೆಟ್ಟಿನಂಥ ಕಾಯಿಲ್ ಕೂಡ ಬದಲಾಯಿತು. ಸಂಕೇತ ಹಿಡಿಯುವ ಆಂಟೆನಾ ಅದು. ದೊಡ್ಡವರ ಕಾಯಿಲ್‌ನಲ್ಲಿ ಕೂಸಿನ ತಲೆ ಇಟ್ಟರೆ ಸುತ್ತ ಬರೀ ಖಾಲಿ ಜಾಗ. ದೂರವಾದಷ್ಟೂ ಸಂಕೇತ ಕ್ಷೀಣ. ಅದಕ್ಕೇ ಕೂಸಿನ ತಲೆಯಳತೆಗೆ 32 ಚಾನೆಲ್‌ಗಳ, ಅಂದರೆ 32 ಪುಟ್ಟ ಆಂಟೆನಾಗಳ, ಹೊಸದನ್ನೇ ಮಾಡಿಸಿದರು.

ಇಷ್ಟಾದರೂ ಮಗು ನಿದ್ದೆಯಲ್ಲಿ ಕದಲುತ್ತದೆ, ಅಲ್ವಾ? ಅದಕ್ಕಾಗಿ ಮಿದುಳನ್ನು ತೆಳು ಹೋಳುಗಳಾಗಿ, ಒಂದರ ಮೇಲೊಂದು ಬರುವಂತೆ, ಬೇರೆ ಬೇರೆ ದಿಕ್ಕಿನಿಂದ ಸೆರೆಹಿಡಿಯುತ್ತಾರೆ. ಜರುಗಿದ ಹೋಳುಗಳನ್ನು ಕಂಪ್ಯೂಟರ್ ಆಮೇಲೆ ಜೋಡಿಸುತ್ತದೆ.

ಇನ್ನೊಂದು ತಕರಾರು ಮಿದುಳಿನದೇ. ದೊಡ್ಡವರ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಹುಟ್ಟಿದಾಗ ಅದು ಬಹಳ ಕಡಿಮೆ, ನೀರು ಜಾಸ್ತಿ. ಹಾಗಾಗಿ ಟಿ1 ಎಂಬ ಬಗೆಯ ಚಿತ್ರದಲ್ಲಿ ನಮಗೆ ಬೆಳ್ಳಗಿರುವ ನರತಂತುಗಳ ಭಾಗ ಕೂಸಿನಲ್ಲಿ ಕಪ್ಪಗೆ ಕಾಣುತ್ತದೆ, ಹಳೇ ಫಿಲ್ಮಿನ ನೆಗೆಟಿವ್ ಥರ. ನೀರಿನಿಂದ ಬರುವ ಸಂಕೇತ ನಿಧಾನವಾಗಿ ಆರುತ್ತದೆ, ಆದ್ದರಿಂದ ಅದನ್ನು ಓದುವ ಮುಂಚೆ ಯಂತ್ರವೂ ತುಸು ಹೆಚ್ಚು ಕಾಯಬೇಕು. ಟಿ2 ಎಂಬ ಇನ್ನೊಂದು ಬಗೆಯ ಚಿತ್ರಕ್ಕೆ ದೊಡ್ಡವರಲ್ಲಿ ಸಾಮಾನ್ಯವಾಗಿ 100 ಮಿಲಿಸೆಕೆಂಡಿನ ಆಸುಪಾಸು ಕಾದರೆ, ಲಂಡನ್ನಿನಲ್ಲಿ 156 ಕಾದರು.

ಆರು ತಿಂಗಳ ಹೊತ್ತಿಗಂತೂ ಪೇಚಾಟ. ನೆಗೆಟಿವ್ ತಿರುಗಿ ಪಾಸಿಟಿವ್ ಆಗುವ ಕಾಲ ಅದು. ನರತಂತುಗಳ ಭಾಗ, ನರಕೋಶಗಳ ಭಾಗ ಎರಡೂ ಒಂದೇ ಬೂದುಬಣ್ಣಕ್ಕೆ ಬಂದು, ಗಡಿಯೇ ಕಾಣುವುದಿಲ್ಲ. ಸಾಲದ್ದಕ್ಕೆ ಆ ವಯಸ್ಸಿನ ಮಗು ಹಾಲು ಕುಡಿದ ಕೂಡಲೇ ಮಲಗುವುದೂ ಇಲ್ಲ. ಕಣ್ಣರಳಿಸಿ ದೀಪ ನೋಡುತ್ತಾ ಕೂರುತ್ತದೆ. ಅಂಥವರನ್ನು ಸಂಶೋಧಕರು ರಾತ್ರಿ ಮಲಗುವ ಹೊತ್ತಿಗೇ ಕರೆಸಿಕೊಳ್ಳುತ್ತಾರೆ. ಅಪ್ಪನೋ ಅಮ್ಮನೋ ತಟ್ಟಿ ಮಲಗಿಸುವ ತನಕ, ಕೋಟಿಗಟ್ಟಲೆ ಬೆಲೆಯ ಯಂತ್ರ ಸುಮ್ನೆ ಕಾಯುತ್ತಿರುತ್ತದೆ.