ಬೆಳಗಿನ ಜಾವ ಐದರ ಬಾಟಲಿ

ನಡುರಾತ್ರಿ ಕೆರೆ ಏರಿಯ ಮೇಲೆ ಟಾರ್ಚ್ ಹಿಡಿದು ಕುಳಿತ ಹತ್ತು ಹನ್ನೆರಡು ಹುಡುಗ ಹುಡುಗಿಯರನ್ನು ಕಂಡರೆ ಗಸ್ತಿನ ಪೊಲೀಸರಿಗೆ ಅನುಮಾನ ಬಾರದೆ ಇರುತ್ತದೆಯೇ? ಪಕ್ಕದಲ್ಲಿ ಗಾಜಿನ ಬಾಟಲಿಗಳ ಪೆಟ್ಟಿಗೆ ಬೇರೆ. "ಬರೀ ನೀರು ಸಾರ್, ಇದರಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುತ್ತಿದ್ದೇವೆ" ಎಂದ ನಮ್ಮ ವಿದ್ಯಾರ್ಥಿಯ ಮಾತನ್ನು ಅವರು ನಂಬಲಿಲ್ಲ. ಆಗಷ್ಟೇ ತುಂಬಿದ ಒಂದು ಬಾಟಲಿಯ ಬಿರಡೆ ತೆಗೆಸಿದರು, ಮೂಸಿದರು, ಮುಖ ಕಿವಿಚಿಕೊಂಡು ಹೊರಟುಹೋದರು. ಗಾಳಿ ತಾಗಿದ ಆ ಮಾದರಿ ಕೆಟ್ಟಿತು. ಇನ್ನೊಂದು ಬಾಟಲಿ ಹಿಡಿದು ಮತ್ತೆ ನೀರಿಗಿಳಿದೆವು.

ಪರಿಸರ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಹೀಗೆ ಇಡೀ ದಿನ, ಇಡೀ ರಾತ್ರಿ ಕೆರೆಯ ಬಳಿ ಕೂರಿಸುತ್ತೇನೆ. ಮೂರು ಗಂಟೆಗೊಮ್ಮೆ ನೀರು ತೆಗೆಯಬೇಕು. ಉಷ್ಣತೆ, ಪಾರದರ್ಶಕತೆ, ಕರಗಿದ ಆಮ್ಲಜನಕ ಅಳೆಯಬೇಕು. ಇಷ್ಟೇ ಕೆಲಸ. ಇದನ್ನು ತರಗತಿಯಲ್ಲಿ ಹಲಗೆಯ ಮೇಲೆ ಬರೆದರೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ಹದಿನಾರನೆಯ ನಿಮಿಷಕ್ಕೆ ಮರೆತೂ ಹೋಗುತ್ತದೆ.

ಪಾರದರ್ಶಕತೆ ಅಳೆಯಲು ದುಬಾರಿ ಯಂತ್ರ ಬೇಡ. 20 ಸೆಂಟಿಮೀಟರ್ ಅಗಲದ ಒಂದು ತಟ್ಟೆಯನ್ನು ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿದು, ಹಗ್ಗ ಕಟ್ಟಿ ನೀರಿಗೆ ಇಳಿಬಿಡುವುದು. ಎಲ್ಲಿ ಕಣ್ಮರೆಯಾಯಿತೋ ಆ ಆಳವೇ ಲೆಕ್ಕ. 1865ರಲ್ಲಿ ಪೋಪರ ಹಡಗಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಇಂಥ ಬಿಲ್ಲೆಯನ್ನು ಇಳಿಬಿಟ್ಟು ನೋಡಿದವನು ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ. ನಕ್ಷತ್ರಗಳ ಬೆಳಕನ್ನು ವಿಂಗಡಿಸಿ ಹೆಸರಾದ ಖಗೋಳಜ್ಞ ಆತ. ಅವನ ಬಿಲ್ಲೆ ಪೂರ್ತಿ ಬಿಳಿಯದು, ಕಪ್ಪು ಬಣ್ಣ ಆಮೇಲೆ ಸೇರಿತು. ನಮ್ಮದು ಹಾಸ್ಟೆಲಿನ ಸ್ಟೀಲ್ ತಟ್ಟೆ. ಪಾಚಿಗಟ್ಟಿದ ಕೆರೆಯಲ್ಲಿ ಮೊಣಕೈ ಉದ್ದದ ಹಗ್ಗವೂ ಖರ್ಚಾಗುವುದಿಲ್ಲ.

ಆಮ್ಲಜನಕದ ಕೆಲಸ ಅಷ್ಟು ಸಲೀಸಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 25 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವುದು ಎಂಟು ಮಿಲಿಗ್ರಾಂನ ಆಸುಪಾಸು. ಅದೂ ಸಮುದ್ರಮಟ್ಟದಲ್ಲಿ. 900 ಮೀಟರ್ ಎತ್ತರದ ಬೆಂಗಳೂರಿನಂಥ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಹತ್ತರಲ್ಲಿ ಒಂದು ಪಾಲು ಇನ್ನೂ ಖೋತಾ. ಮೀನು, ಸೀಗಡಿ, ತಳದ ಕೆಸರಿನ ಬ್ಯಾಕ್ಟೀರಿಯಾ, ಎಲ್ಲವೂ ಈ ಚಿಟಿಕೆಯಷ್ಟನ್ನೇ ಹಂಚಿಕೊಂಡು ಬದುಕಬೇಕು.

ಇದನ್ನು ಅಳೆಯುವ ಉಪಾಯವನ್ನು 1888ರಲ್ಲಿ ಕೊಟ್ಟವನು ಹಂಗೇರಿಯ ರಸಾಯನಶಾಸ್ತ್ರಜ್ಞ ಲಾಯೋಶ್ ವಿಂಕ್ಲರ್. 300 ಮಿಲಿಲೀಟರ್‌ನ ಬಾಟಲಿಯನ್ನು ನೀರಿನೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಿ ಬಿರಡೆ ಹಾಕಬೇಕು. ಒಂದೇ ಒಂದು ಮಿಲಿಲೀಟರ್ ಗಾಳಿ ಸಿಕ್ಕಿಕೊಂಡು, ಅದರ ಆಮ್ಲಜನಕವೆಲ್ಲ ನೀರಿಗೆ ಸೇರಿದರೆ ಲೀಟರಿಗೆ 0.9 ಮಿಲಿಗ್ರಾಂನಷ್ಟು ಸುಳ್ಳು ಲೆಕ್ಕ ಬರುತ್ತದೆ. ಆಮೇಲೆ ಮ್ಯಾಂಗನೀಸ್ ಸಲ್ಫೇಟ್ ದ್ರಾವಣ, ಅದರ ಹಿಂದೆಯೇ ಕ್ಷಾರ ಬೆರೆಸಿದ ಅಯೊಡೈಡ್. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಗಷ್ಟು ಮೋಡದಂತೆ ಎದ್ದು ನಿಧಾನವಾಗಿ ತಳಕ್ಕಿಳಿಯುತ್ತದೆ. ಇಲ್ಲದಿದ್ದರೆ ಗಷ್ಟು ಬೆಳ್ಳಗೇ ಇರುತ್ತದೆ. ಮುಂದೆ ಆಮ್ಲ ಹಾಕಿದಾಗ ಗಷ್ಟು ಕರಗಿ, ಇದ್ದ ಆಮ್ಲಜನಕಕ್ಕೆ ತಕ್ಕಷ್ಟು ಅಯೋಡಿನ್ ಬಿಡುಗಡೆಯಾಗಿ ನೀರು ಹಳದಿಯಾಗುತ್ತದೆ. ಆ ಅಯೋಡಿನ್ನನ್ನು ಥಯೋಸಲ್ಫೇಟ್ ಹನಿಹನಿಯಾಗಿ ಬಿಟ್ಟು ಅಳೆಯುವುದು ಪ್ರಯೋಗಾಲಯದ ಕೆಲಸ. ಆದರೆ ಮೊದಲ ಎರಡು ದ್ರಾವಣಗಳನ್ನು ಕೆರೆಯ ದಡದಲ್ಲೇ, ಆ ಕ್ಷಣವೇ ಹಾಕಬೇಕು.

ಏಕೆಂದು ನಾನು ಕಲಿತದ್ದು ಮಾನ ಕಳೆದುಕೊಂಡು. ಮೇಷ್ಟರಾದ ಮೊದಲ ವರ್ಷ ದ್ರಾವಣಗಳ ಡಬ್ಬಿಯನ್ನು ಪ್ರಯೋಗಾಲಯದಲ್ಲೇ ಮರೆತು ಬಂದಿದ್ದೆ. ವಿದ್ಯಾರ್ಥಿಗಳ ಮುಂದೆ ಒಪ್ಪಿಕೊಳ್ಳಲು ಸಂಕೋಚ. "ಪರವಾಗಿಲ್ಲ, ಅಲ್ಲಿ ಹೋಗಿ ಹಾಕೋಣ" ಎಂದುಬಿಟ್ಟೆ. ಬಸ್ಸಿನ ಡಿಕ್ಕಿಯ ಕತ್ತಲಲ್ಲಿ, ಸೆಕೆಯಲ್ಲಿ, ಟ್ರಾಫಿಕ್ಕಿನಲ್ಲಿ ಮೂರು ಗಂಟೆ ಕಳೆದ ಬಾಟಲಿಗಳಲ್ಲಿ ಒಂದಕ್ಕೂ ಸರಿಯಾಗಿ ಕಂದು ಬರಲಿಲ್ಲ. ಚರಂಡಿ ನೀರು ಬೆರೆತ ಕೆರೆಯ ಬ್ಯಾಕ್ಟೀರಿಯಾಗಳು ದಾರಿಯುದ್ದಕ್ಕೂ ಉಸಿರಾಡುತ್ತಲೇ ಬಂದಿದ್ದವು. ನಾವು ಅಳೆದದ್ದು ಕೆರೆಯನ್ನಲ್ಲ, ಬಸ್ ಪ್ರಯಾಣವನ್ನು.

ಇಪ್ಪತ್ತನಾಲ್ಕು ಗಂಟೆ ಕೂರುವುದು ಯಾಕೆಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ, ಸಾಮಾನ್ಯವಾಗಿ ರಾತ್ರಿ ಒಂಬತ್ತರ ಹೊತ್ತಿಗೆ, ಸೊಳ್ಳೆ ಏಳುವಾಗ. ಉತ್ತರ ಪಾಚಿಯಲ್ಲಿದೆ. ರಾಜಕಾಲುವೆಯ ಕೊಳಚೆ ಹೊತ್ತು ತರುವ ಸಾರಜನಕ, ರಂಜಕಗಳನ್ನು ಉಂಡು ಕೊಬ್ಬಿದ ಪಾಚಿ ಹಗಲಿನಲ್ಲಿ ಬಿಸಿಲು ಕುಡಿದು ಆಮ್ಲಜನಕವನ್ನು ಸುರಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಇಂಥ ಕೆರೆಯ ಮೇಲ್ಪದರದಲ್ಲಿ ಲೀಟರಿಗೆ ಹತ್ತು ಮಿಲಿಗ್ರಾಂ ದಾಟಿದರೂ ಆಶ್ಚರ್ಯವಿಲ್ಲ. ನೀರು ಸಹಜವಾಗಿ ಹಿಡಿದಿಡಬಹುದಾದದ್ದಕ್ಕಿಂತ ಅದು ಹೆಚ್ಚು. ಕೊಳಕು ಕೆರೆ ಕಾಗದದ ಮೇಲೆ ಮಲೆನಾಡಿನ ಹಳ್ಳಕ್ಕಿಂತ ಶ್ರೀಮಂತ! ಕತ್ತಲಾದ ಮೇಲೆ ಪಾಚಿಯ ಉತ್ಪಾದನೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಮೀನಿನ ಜೊತೆ, ಬ್ಯಾಕ್ಟೀರಿಯಾದ ಜೊತೆ ಅದೂ ಸಾಲಿನಲ್ಲಿ ನಿಂತು ಗಂಟು ಕರಗಿಸುತ್ತದೆ. ಸೂರ್ಯ ಹುಟ್ಟುವ ಮೊದಲಿನ ಹೊತ್ತು ಎಲ್ಲಕ್ಕಿಂತ ಕಷ್ಟದ್ದು.

ಮೀನುಗಳು ಸತ್ತು ತೇಲುವುದನ್ನು ಹೆಚ್ಚಾಗಿ ಬೆಳಗಿನ ವಾಯುವಿಹಾರದವರೇ ಮೊದಲು ನೋಡುವುದು ಇದೇ ಕಾರಣಕ್ಕೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತವು. ಯಾರೋ ವಿಷ ಹಾಕಿರಬೇಕು ಎಂದೇ ಮೊದಲು ಅನ್ನಿಸುತ್ತದೆ. ಇಂಥ ಸಾವಿಗೆ ವಿಷವೇ ಬೇಕೆಂದಿಲ್ಲ. ಕೊಳಚೆ ತುಂಬಿದ ಕೆರೆಗೆ ಬೇಸಿಗೆಯ ಒಂದು ಕೆಟ್ಟ ರಾತ್ರಿ ಸಾಕು.

ಹಾಗೆ ನೋಡಿದರೆ ಕ್ಷೇತ್ರಕಾರ್ಯ ನಮ್ಮ ಪದವಿ ತರಗತಿಗಳಿಗೆ ಹೊಸದೇನಲ್ಲ. ಪರಿಸರದ ಪಾಠ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ, ಎಂ. ಸಿ. ಮೆಹ್ತಾ ಪ್ರಕರಣದಲ್ಲಿ. ಆಮೇಲೆ ಅದರಂತೆ ಯುಜಿಸಿ ಎಲ್ಲ ಪದವಿಗಳಿಗೂ ರೂಪಿಸಿದ ಪಠ್ಯದಲ್ಲಿ ನೂರರಲ್ಲಿ 25 ಅಂಕ ಕ್ಷೇತ್ರಕಾರ್ಯಕ್ಕೇ ಮೀಸಲಾಗಿತ್ತು. ಆ 25 ಅಂಕ ಹೇಗೆ ಬರುತ್ತಿತ್ತು ಎಂಬುದನ್ನು ಆ ಕಾಲದಲ್ಲಿ ಓದಿದವರನ್ನೇ ಕೇಳಿ. ಹಿಂದಿನ ವರ್ಷದವರ ವರದಿಯನ್ನು ಅಂದವಾದ ಅಕ್ಷರದಲ್ಲಿ ನಕಲು ಮಾಡಿದ್ದನ್ನು ಹಲವರು ನಗುತ್ತಲೇ ಹೇಳುತ್ತಾರೆ. ಗುಳ್ಳೆಯಿಲ್ಲದೆ ಬಾಟಲಿ ತುಂಬಿಸಲು ಆರು ಸಲ ಸೋತವರಿಗೆ ಅಂಥ ವರದಿಯ ನುಣುಪು ಅಂಕಿಗಳ ಮೇಲೆ ತಾನಾಗಿಯೇ ಸಂಶಯ ಹುಟ್ಟುತ್ತದೆ. ನನಗೆ ಬೇಕಾದದ್ದು ಆ ಸಂಶಯ.

ಈ ವರ್ಷ ಬೆಳಗಿನ ಜಾವ ಐದರ ಬಾಟಲಿ ತೆಗೆದವಳು ಹಿಂದಿನ ದಿನದಿಂದ ಹೆಚ್ಚು ಮಾತೇ ಆಡದ ಹುಡುಗಿ. ತಣ್ಣನೆಯ ನೀರಿನಲ್ಲಿ ತೊಡೆಯವರೆಗೆ ನಿಂತು ತುಂಬಿಸಿದಳು. ದ್ರಾವಣ ಹಾಕಿ, ಬಾಟಲಿಯನ್ನು ಬುಡಮೇಲು ಮಾಡಿ ಅಲುಗಿಸಿ, ಟಾರ್ಚಿಗೆ ಹಿಡಿದಳು. ಮಧ್ಯಾಹ್ನದ ಬಾಟಲಿಯಲ್ಲಿ ಕಾಫಿ ಗಷ್ಟಿನಂತಿದ್ದದ್ದು ಈಗ ಮಾಸಲು ಬಿಳಿ. ದಡದಂಚಿನಲ್ಲಿ ಜಿಲೇಬಿ ಮೀನುಗಳು ಮೂತಿ ಮೇಲಕ್ಕೆತ್ತಿ ನೀರಿನ ಮೇಲ್ಪದರವನ್ನು ಚಪ್ಪರಿಸುತ್ತಿದ್ದವು. ಗಾಳಿ ತಾಗುವ ಆ ತೆಳು ಪದರದಲ್ಲಿ ಮಾತ್ರ ಅವುಗಳಿಗೆ ಒಂದಿಷ್ಟು ಆಮ್ಲಜನಕ ದಕ್ಕುತ್ತದೆ.

ಕಾಲೇಜಿಗೆ ಮರಳಿದ ಮೇಲೆ ಅವಳು ಎಂಟು ಅಂಕಿಗಳನ್ನು ನಕ್ಷೆಯ ಹಾಳೆಯ ಮೇಲೆ ಗುರುತಿಸಿ, ಬಿದ್ದು ಏಳುವ ಗೆರೆ ಎಳೆದು, ಕಪಾಟಿನಿಂದ ಅದೇ ಕೆರೆಯ ಹಳೆಯ ವರದಿಯೊಂದನ್ನು ತೆಗೆದುಕೊಂಡು ಬಂದಳು. "ಸರ್, ಇದರಲ್ಲಿ ಕರಗಿದ ಆಮ್ಲಜನಕ ತೃಪ್ತಿಕರ ಎಂದು ಬರೆದಿದೆ. ನೀರು ತೆಗೆದದ್ದು ಎಷ್ಟು ಗಂಟೆಗೆ?"

ಪುಟ ತಿರುವಿ ನೋಡಿದೆ. ದಿನಾಂಕವಿತ್ತು, ಉಷ್ಣತೆಯಿತ್ತು. ವೇಳೆಯ ಅಂಕಣ ಖಾಲಿ. ಕೆಳಗೆ ನನ್ನದೇ ಸಹಿ.